ಸಾಲು ಎಣಿಸುವುದೇ ಹವ್ಯಾಸವೇ?

ಹ್ಯಾಮ್ ರೇಡಿಯೋದ ಡಿಜಿಟಲ್ ಸಂಕೇತಗಳನ್ನು ಓದಲು ಯಾವ ತಂತ್ರಾಂಶ ಒಳ್ಳೆಯದೆಂದು ಕೇಳುವ ಹೊಸಬರಿಗೆ ಇಂದು ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಡಬ್ಲ್ಯುಎಸ್‌ಜೆಟಿ-ಎಕ್ಸ್ ಹಾಕಿಕೊಳ್ಳಿ, ಎಫ್‌ಟಿ8 ನೋಡಿ, ಸಾಕು.’ ಈ ಉತ್ತರ ಅರ್ಧ ಸರಿ. ಉಳಿದರ್ಧ ನಮ್ಮ ಮಕ್ಕಳ ಉತ್ಸಾಹಕ್ಕೆ ತಣ್ಣೀರೆರಚುವಂಥದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದರ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೋ ಟೇಲರ್ ಆರಂಭಿಸಿದ ತಂತ್ರಾಂಶವದು. 2017ರಲ್ಲಿ ಬಂದ ಎಫ್‌ಟಿ8 ವಿಧಾನವು 15 ಸೆಕೆಂಡಿನ ಸರದಿಯಲ್ಲಿ, ಸುಮಾರು 50 ಹರ್ಟ್ಸ್ ಅಗಲದಲ್ಲಿ, ಕಿವಿಗೆ ಕೇಳಿಸದಷ್ಟು ಕ್ಷೀಣವಾದ ಸಂಕೇತವನ್ನೂ ಗದ್ದಲದಿಂದ ಹೆಕ್ಕಿ ತೆಗೆಯುತ್ತದೆ. ಬಾಲ್ಕನಿಯಲ್ಲಿ ತಂತಿ ಕಟ್ಟಿಕೊಂಡು, ಲಿಫ್ಟು, ಎಲ್‌ಇಡಿ ದೀಪಗಳ ಗದ್ದಲದ ನಡುವೆ ಕೂರುವ ಮಹಾನಗರವಾಸಿಗಳಿಗೆ ಇದು ವರವೇ ಸರಿ.

ಆದರೆ ಅದು ಹೇಳುವುದೇನು? ಕಾಲ್‌ಸೈನ್, ಊರಿನ ಚೌಕ, ಸಿಗ್ನಲ್ಲಿನ ಬಲ, ಕೊನೆಗೊಂದು 73. ಸ್ವಂತ ಮಾತಿಗೆ ಒಂದು ಸರದಿಗೆ 13 ಅಕ್ಷರ ಮಾತ್ರ. ನಮ್ಮ ಕಚೇರಿಯ ಟಪಾಲು ರಿಜಿಸ್ಟರಿನ ಹಾಗೆ: ಯಾರಿಂದ, ಯಾವಾಗ ಬಂತೆಂಬುದಿದೆ, ಪತ್ರದೊಳಗೇನಿದೆ ಎಂಬುದಿಲ್ಲ. ಎರಡು ವಾರ ಸಾಲು ಎಣಿಸಿದ ಹುಡುಗ ಮೂರನೆಯ ವಾರ ಮೊಬೈಲಿಗೆ ಮರಳಿದರೆ ತಪ್ಪು ಅವನದಲ್ಲ, ದಾರಿ ತೋರಿದವರದು.

ಹೊಸಬರಿಗೆ ಮೊದಲು ಕೊಡಬೇಕಾದದ್ದು ಎಫ್‌ಎಲ್‌ಡಿಜಿ. ಮೋರ್ಸ್, ಆರ್‌ಟಿಟಿವೈ, ಪಿಎಸ್‌ಕೆ31 ಮುಂತಾದ ಹಲವು ವಿಧಗಳನ್ನು ಅದೊಂದೇ ಓದುತ್ತದೆ. ಆದರೆ ಬಂದದ್ದು ಯಾವ ವಿಧವೆಂದು ಗುರುತಿಸುವುದು ಬಹುಪಾಲು ನಮ್ಮದೇ ಕೆಲಸ. ಪರದೆಯ ‘ಜಲಪಾತ’ದಲ್ಲಿ ಗೆರೆಯ ಅಗಲ ನೋಡಬೇಕು, ಧ್ವನಿ ಕೇಳಬೇಕು, ಗುರಿಯಿಟ್ಟು ಒತ್ತಬೇಕು. ತಪ್ಪಿದರೆ ಅರ್ಥವಿಲ್ಲದ ಅಕ್ಷರಗಳು. ಸರಿಯಾದರೆ ಮನುಷ್ಯರ ಮಾತು. ಕಣ್ಣು, ಕಿವಿ, ಬುದ್ಧಿ ಮೂರಕ್ಕೂ ಕೆಲಸ ಕೊಡುವ ಈ ಕಲಿಕೆಯೇ ಹವ್ಯಾಸ.

‘ಪಿಎಸ್‌ಕೆ31ರಲ್ಲಿ ಈಗ ಜನವೆಲ್ಲಿ?’ ಎಂಬ ಆಕ್ಷೇಪ ಉಂಟು. ಜನ ಕಡಿಮೆಯಾಗಿರುವುದು ನಿಜ. ಬರುವವರನ್ನೆಲ್ಲ ಒಂದೇ ಬಾಗಿಲಿಗೆ ಕಳಿಸಿದರೆ ಉಳಿದ ಅಂಗಳಗಳು ಖಾಲಿಯಾಗದೆ ಇನ್ನೇನು? ಆದರೂ ಮೋರ್ಸ್ ದಿನವೂ ಕೇಳಿಸುತ್ತದೆ. ಸ್ಪರ್ಧೆಗಳಿರುವ ವಾರಾಂತ್ಯಗಳಲ್ಲಿ ಆರ್‌ಟಿಟಿವೈ ತುಂಬಿ ತುಳುಕುತ್ತದೆ. ಅಭ್ಯಾಸಕ್ಕೆ ಅಷ್ಟು ಸಾಲದೇ?

ಎರಡೂ ತಂತ್ರಾಂಶಗಳು ಉಚಿತ. ಎರಡರ ಮೂಲ ಬರಹವೂ ಬಯಲಾಗಿಯೇ ಇದೆ. ಆದ್ದರಿಂದ ಹಣದ ನೆಪ ನಡೆಯದು. ಪೋಷಕರಲ್ಲಿ ನನ್ನ ವಿನಂತಿ ಇಷ್ಟೆ: ಮೊದಲು ಎಫ್‌ಎಲ್‌ಡಿಜಿಯಿಂದ ಕೇಳಲು ಕಲಿಸಿ, ಆಮೇಲೆ ಡಬ್ಲ್ಯುಎಸ್‌ಜೆಟಿ-ಎಕ್ಸ್‌ನಿಂದ ದೂರ ಅಳೆಯಲು ಬಿಡಿ. ಮರುಮಾತಾಡುವ ಆಸೆ ಹುಟ್ಟಿದರೆ ಸರ್ಕಾರದ ಪರೀಕ್ಷೆ ಬರೆದು ಪರವಾನಗಿ ಪಡೆಯಲಿ. ಆಡಲು ಮಾತೇ ಇಲ್ಲದವನಿಗೆ ಪರವಾನಗಿ ಸಿಕ್ಕಿ ಏನು ಪ್ರಯೋಜನ?