ಕತ್ತರಿ ಹಾಕುವ ಮೊದಲು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಆಗ್ರಹಪೂರ್ವಕವಾಗಿ ಕೇಳಿಕೊಂಡರು. ಹಳೆಯ ನೆನಪುಗಳನ್ನು ಬರೆಯುವವರು ಈ ಸಂಚಿಕೆಯಲ್ಲಿ ಬೇಕಾದಷ್ಟು ಜನರಿದ್ದಾರೆ. ಅವರು ನನಗಿಂತ ಚೆನ್ನಾಗಿಯೂ ಬರೆಯಬಲ್ಲರು. ಆದುದರಿಂದ ಸಂಭ್ರಮದ ಹೊತ್ತಿನಲ್ಲಿ ಯಾರೂ ಎತ್ತಲು ಇಷ್ಟಪಡದ ವಿಷಯವೊಂದನ್ನು ನಾನು ಆರಿಸಿಕೊಂಡಿದ್ದೇನೆ. ಅದು ಶಾಲೆಯ ಜಮಾಖರ್ಚಿನ ವಿಷಯ.

ಬರುವ ಶೈಕ್ಷಣಿಕ ವರ್ಷಕ್ಕೆ ಸಂಸ್ಥೆಯ ಆದಾಯಕ್ಕೂ ವೆಚ್ಚಕ್ಕೂ ತಾಳೆಯಾಗುತ್ತಿಲ್ಲವೆಂಬುದು ಊರಿಗೆಲ್ಲ ತಿಳಿದ ಸಂಗತಿ. ಸರಕಾರದ ಅನುದಾನ ಮಂಜೂರಾದ ಶಿಕ್ಷಕರ ಸಂಬಳಕ್ಕೆ ಮಾತ್ರ ಸಾಕಾಗುತ್ತದೆ. ಉಳಿದುದೆಲ್ಲ ದೇಣಿಗೆಯಿಂದಲೇ ನಡೆಯಬೇಕು. ಈಗ ಯಾವುದನ್ನು ನಿಲ್ಲಿಸಬೇಕೆಂಬ ಒಂದು ಪಟ್ಟಿ ಕಾರ್ಯಕಾರಿ ಮಂಡಳಿಯ ಮುಂದಿದೆ. ಬಾಲವಾಡಿಯ ತಾಯಿಯರ ಗೌರವಧನ, ಅಕ್ಕಪಕ್ಕದ ವಸ್ತಿಗಳಿಂದ ಮಕ್ಕಳನ್ನು ಕರೆತರುವ ಆಟೋ, ವಾಚನಾಲಯ, ಸಂಗೀತದ ಮಾಸ್ತರರು - ಪಟ್ಟಿಯ ಮೊದಲ ನಾಲ್ಕು ಹೆಸರುಗಳು ಇವೇ. ಪಟ್ಟಿಯನ್ನು ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದನ್ನು ಓದಿದಾಗ ಒಂದು ಮಾತು ಸ್ಪಷ್ಟವಾಯಿತು: ಶಿಕ್ಷಣಾಧಿಕಾರಿಗಳು ತಪಾಸಣೆಗೆ ಬಂದಾಗ ಯಾವುದನ್ನು ಕೇಳುವುದಿಲ್ಲವೋ ಅದು ಮೊದಲು ಹೋಗಬೇಕು ಎಂಬ ಕ್ರಮದಲ್ಲಿ ಇದು ತಯಾರಾಗಿದೆ.

ನಮ್ಮ ಶಾಲೆ ನಿಂತಿರುವ ನೆಲದ ಸ್ಥಿತಿಯನ್ನು ತರುಣರಿಗಾಗಿ ಎರಡು ಮಾತುಗಳಲ್ಲಿ ಹೇಳಬೇಕು. 1956ರ ನವೆಂಬರ್ 1ಕ್ಕೆ ಮೊದಲು ಉದಗೀರ, ನಿಲಂಗಾ ತಾಲೂಕುಗಳು ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದವು; ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೀದರ ಮೈಸೂರಿಗೆ ಹೋಯಿತು, ನಮ್ಮ ಮೂರೂ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಬಂದವು, 1960ರಲ್ಲಿ ಮಹಾರಾಷ್ಟ್ರವಾದವು. 1982ರಲ್ಲಿ ಲಾತೂರ ಜಿಲ್ಲೆ ಹುಟ್ಟಿತು. ಉಸ್ಮಾನಾಬಾದ್ ಈಗ ಧಾರಾಶಿವವಾಗಿದೆ. ಜಿಲ್ಲೆಗಳ ಹೆಸರು ಬದಲಾದರೂ ಮನೆಯೊಳಗಿನ ಮಾತು ಬದಲಾಗಲಿಲ್ಲ. ಅಕ್ಕಲಕೋಟೆ, ಜತ್ತಗಳ ಹೆಸರು ಗಡಿ ವಿವಾದದ ಸುದ್ದಿಯಲ್ಲಿ ಮೇಲಿಂದ ಮೇಲೆ ಬರುತ್ತದೆ. ನಮ್ಮ ಕಡೆಯ ಹೆಸರು ಬರುವುದೇ ಅಪರೂಪ. ಇದರಿಂದ ಹಾನಿಯಾಗಿದೆಯೋ ಲಾಭವಾಗಿದೆಯೋ ಹೇಳಲಾರೆ. ಗಲಾಟೆಯಿಲ್ಲದೆ ನೆರೆಹೊರೆಯವರೊಡನೆ ಬದುಕಿದ್ದೇವೆಂಬುದಂತೂ ನಿಜ.

ಹಣವಿಲ್ಲವೆಂಬುದು ಈ ಭಾಗದ ಕನ್ನಡ ಶಾಲೆಗಳಿಗೆ ಹೊಸದೂ ಅಲ್ಲ. ಗಡಿಯಾಚೆಯ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮನ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ನಮ್ಮ ಹಿರಿಯರೆಲ್ಲ ಬಲ್ಲರು. ಅವರು ಫಲಕವನ್ನು ಬಿಟ್ಟುಕೊಟ್ಟರು, ಪಾಠವನ್ನು ಬಿಟ್ಟುಕೊಡಲಿಲ್ಲ. ನಮ್ಮ ಮಂಡಳಿಯ ಪಟ್ಟಿ ಇದಕ್ಕೆ ತಿರುಗಾಮುರುಗಾ ಆಗಿದೆಯೇನೋ ಎಂಬ ಅನುಮಾನ ನನ್ನದು.

ಇನ್ನು ಲೆಕ್ಕಕ್ಕೆ ಬರೋಣ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪರಿಶಿಷ್ಟದಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಶಿಕ್ಷಕರ ಪ್ರಮಾಣವನ್ನು ಕೊಟ್ಟಿದ್ದಾರೆ: 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು. ರಾಜ್ಯ ಸರಕಾರದ ಆದೇಶಗಳು ಈ ಅಂಕಿಗಳನ್ನು ಹಿಂದುಮುಂದು ಮಾಡುತ್ತಿರುತ್ತವೆ. 2024ರ ಮಾರ್ಚ್ 15ರ ಸಂಚ ಮಾನ್ಯತೆಯ ಆದೇಶ ಬಂದಾಗ, ಆರರಿಂದ ಎಂಟನೆಯ ತರಗತಿಗಳಲ್ಲಿ 20ಕ್ಕಿಂತ ಕಡಿಮೆ ಮಕ್ಕಳಿರುವಲ್ಲಿ ಹುದ್ದೆಗಳೇ ಉಳಿಯಲಾರವೆಂದು ಮಹಾರಾಷ್ಟ್ರದ ಶಿಕ್ಷಕ ಸಂಘಟನೆಗಳೆಲ್ಲ ಕೂಗಿದವು. ಅಂಕಿ ಏನೇ ಇರಲಿ, ಅದರ ಗುಣ ಒಂದೇ. ಅದು ಏಣಿಯ ಮೆಟ್ಟಿಲು, ಇಳಿಜಾರಲ್ಲ. 61 ಮಕ್ಕಳಿರುವಲ್ಲಿ ಒಂದು ಮಗು ಬೇರೆ ಶಾಲೆಗೆ ಹೋದರೆ ಕಡಿಮೆಯಾಗುವುದು ಒಂದು ಮಗುವಲ್ಲ, ಒಬ್ಬ ಶಿಕ್ಷಕ. ಸೆಪ್ಟೆಂಬರ್ 30ರ ಪಟಸಂಖ್ಯೆಯೇ ಪ್ರಮಾಣ. ಅಂದು ಆಧಾರ್ ಸರಿಹೊಂದದ ಮಗು ಮುಂದಿನ ಬೆಂಚಿನಲ್ಲಿ ಕುಳಿತಿದ್ದರೂ ಲೆಕ್ಕಕ್ಕಿಲ್ಲ.

ಹುದ್ದೆ ಹೋದರೆ ಮರಾಠಿ ಶಾಲೆಗೂ ಕಷ್ಟ, ನಮಗೂ ಕಷ್ಟ. ಆದರೆ ನಮ್ಮ ಕಷ್ಟಕ್ಕೆ ಇನ್ನೊಂದು ಪದರವಿದೆ. ಅಲ್ಲಿ ಅತಿರಿಕ್ತನಾದ ಶಿಕ್ಷಕ ಪಕ್ಕದ ಊರಿಗೆ ಸಮಾಯೋಜನೆಯಾಗುತ್ತಾನೆ, ಮಕ್ಕಳು ಹೆಚ್ಚಿದರೆ ಮತ್ತೊಬ್ಬ ಬರುತ್ತಾನೆ. ಕನ್ನಡ ಮಾಧ್ಯಮದ ಹುದ್ದೆ ಒಮ್ಮೆ ಕಾಗದದಿಂದ ಅಳಿಸಿಹೋದರೆ, ಅದನ್ನು ಮರಳಿ ಪಡೆಯುವಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ದಾಟಿಹೋಗುತ್ತಾರೆ. ಮರಳಿ ಬಂದರೂ ಬರುವ ಶಿಕ್ಷಕ ಕನ್ನಡ ಬಲ್ಲವನೇ ಆಗಿರುತ್ತಾನೆಂಬ ಭರವಸೆಯಿಲ್ಲ. ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ 2024ರಲ್ಲಿ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದಾಗ ಎದ್ದ ಕೂಗು ಇನ್ನೂ ನಮ್ಮ ಕಿವಿಯಲ್ಲಿದೆ. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯ ಶಿಕ್ಷಕನನ್ನು ಕೊಡಬೇಕೆಂದು 1949ರಲ್ಲಿಯೇ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಒಪ್ಪಿದ್ದರು. 1956ರಲ್ಲಿ ಸಂವಿಧಾನಕ್ಕೆ 350-ಎ ಅನುಚ್ಛೇದವೂ ಸೇರಿತು. ಇವನ್ನೆಲ್ಲ ಅರ್ಜಿಯಲ್ಲಿ ಬರೆಯಬಹುದು. ಆದರೆ ಅರ್ಜಿ ಬರೆಯುವುದಕ್ಕೂ ಮೊದಲು ಹಾಜರಿ ಪುಸ್ತಕದಲ್ಲಿ ಹೆಸರುಗಳಿರಬೇಕು.

ಆ ಹೆಸರುಗಳು ಎಲ್ಲಿಂದ ಬರುತ್ತವೆ? ಬಾಲವಾಡಿಯಿಂದ ಬರುತ್ತವೆ. ನಾಲ್ಕು ವರ್ಷದ ಮಗು ಎಲ್ಲಿ ಮೊದಲು ಕುಳಿತು ಹಾಡು ಕಲಿಯುತ್ತದೆಯೋ, ಆರನೆಯ ವರ್ಷದಲ್ಲಿ ಅದರ ಒಂದನೆಯ ತರಗತಿಯೂ ಅಲ್ಲಿಯೇ. ಉಮರ್ಗಾ, ಉದಗೀರಗಳಂತಹ ಪಟ್ಟಣಗಳ ಇಂಗ್ಲಿಷ್ ಶಾಲೆಗಳು ಇದನ್ನು ನಮಗಿಂತ ಮೊದಲೇ ಅರಿತು, ನರ್ಸರಿಯ ಮಗುವಿಗಾಗಿ ಹಳದಿ ವಾಹನವನ್ನು ಹಳ್ಳಿಯ ಹನುಮಂತ ದೇವರ ಗುಡಿಯವರೆಗೆ ಕಳುಹಿಸುತ್ತವೆ. ನಾವು ಬಾಲವಾಡಿಯನ್ನು ಮುಚ್ಚಿ, ಆಟೋವನ್ನು ನಿಲ್ಲಿಸಿ, ಆಮೇಲೆ ಮಕ್ಕಳು ಬರುತ್ತಿಲ್ಲವೆಂದು ಪಾಲಕರನ್ನು ದೂರಿದರೆ ಕೇಳುವವರಾರು? ಇಬ್ಬರು ತಾಯಿಯರ ಗೌರವಧನ ಮತ್ತು ಆಟೋದ ಬಾಡಿಗೆ ಕೂಡಿಸಿದರೆ ಒಬ್ಬ ಅನುದಾನಿತ ಶಿಕ್ಷಕನ ವೇತನಕ್ಕೆ ಎಲ್ಲಿಯೂ ಸಮವಾಗದು. ಇಷ್ಟು ಉಳಿಸಲು ಹೋಗಿ ಅಷ್ಟನ್ನು ಕಳೆದುಕೊಳ್ಳುವುದು ಮಿತವ್ಯಯವೆನಿಸಲಾರದು. ಪಟ್ಟಿಯ ಈ ಎರಡು ಹೆಸರುಗಳನ್ನು ಹೊಡೆದುಹಾಕಬೇಕು.

ವಾಚನಾಲಯದ ವಿಷಯದಲ್ಲಿ ಮಂಡಳಿಯ ತರುಣ ಸದಸ್ಯರೊಬ್ಬರು ನನ್ನೊಡನೆ ವಾದಿಸಿದರು. ನಮ್ಮಲ್ಲಿಯೇ ಓದಿ ಈಗ ಪುಣೆಯಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದಾರೆ. “ಗುರುಗಳೇ, ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆ. ಕಪಾಟಿಗೆ ಯಾಕೆ ಖರ್ಚು?” ಎಂದರು. ಅವರ ಮಾತು ಕಲಬುರಗಿಗೋ ಧಾರವಾಡಕ್ಕೋ ಸಲ್ಲಬಹುದು. ಅಲ್ಲಿಯ ಮಗುವಿಗೆ ರಸ್ತೆಯೇ ವಾಚನಾಲಯ. ಬಸ್ಸಿನ ಫಲಕ, ಅಂಗಡಿಯ ಹೆಸರು, ಗೋಡೆಯ ಜಾಹೀರಾತು, ಬೆಲ್ಲ ಕಟ್ಟಿಕೊಟ್ಟ ಕಾಗದ ಎಲ್ಲವೂ ಕನ್ನಡ ಓದಿಸುತ್ತವೆ. ನಮ್ಮ ಮಗು ಶಾಲೆಯ ಗೇಟು ದಾಟಿದೊಡನೆ ಕನ್ನಡದ ಅಕ್ಷರ ಕಣ್ಣಿಗೆ ಬೀಳುವುದಿಲ್ಲ. ಎಸ್.ಟಿ. ಬಸ್ಸು ಮರಾಠಿ, ರೇಶನ್ ಕಾರ್ಡು ಮರಾಠಿ, ತಲಾಠಿಯ ಉತಾರ ಮರಾಠಿ, ಔಷಧದ ಚೀಟಿ ಇಂಗ್ಲಿಷ್. ಹಾಗಿರುವುದು ಸಹಜ; ಅದು ಮಹಾರಾಷ್ಟ್ರ. ಮನೆಯಲ್ಲಿ ಕನ್ನಡ ಬಾಯಿಯಲ್ಲಿದೆ, ಕಾಗದದ ಮೇಲಿಲ್ಲ. ಹೀಗಾಗಿ ಪುಣೆಯ ಬಾಲಭಾರತಿ ಮುದ್ರಿಸುವ ಕನ್ನಡ ಪಠ್ಯಪುಸ್ತಕವನ್ನು ಬಿಟ್ಟರೆ ಮಗುವಿಗೆ ದೊರೆಯುವ ಕನ್ನಡ ಅಕ್ಷರ ಆ ಎರಡು ಕಪಾಟುಗಳಲ್ಲಿ ಮಾತ್ರ ಇದೆ. ಅಲ್ಲಿ ಕಾರಂತರ ಬಾಲಪ್ರಪಂಚವಿದೆ. ಈಗ ಪ್ರಕಟಣೆಯೇ ನಿಂತುಹೋಗಿರುವ ಚಂದಮಾಮದ ಹಳೆಯ ಸಂಚಿಕೆಗಳನ್ನು ದಾರ ಹೊಲಿದು ಕಟ್ಟಿಟ್ಟಿದ್ದೇವೆ. ಆ ಕಟ್ಟುಗಳ ಅಂಚು ಸವೆದಿರುವುದನ್ನು ಅನುಮಾನವಿದ್ದವರು ಹೋಗಿ ನೋಡಬೇಕು. ದಿನಪತ್ರಿಕೆ, ಮಕ್ಕಳ ಮಾಸಿಕಗಳ ವಂತಿಗೆ, ಮಧ್ಯಾಹ್ನ ಬಾಗಿಲು ತೆರೆದು ಪುಸ್ತಕ ಕೊಟ್ಟು ಬರೆದುಕೊಳ್ಳುವ ಒಬ್ಬರ ಸಂಭಾವನೆ ಇಷ್ಟೇ ಅದರ ಖರ್ಚು.

ಸಂಗೀತದ ಮಾತು ಬಂದರೆ ನನ್ನ ಮನಸ್ಸು ಭಾರವಾಗುತ್ತದೆ. 2015ರ ಆಗಸ್ಟ್ ಆದೇಶದಿಂದ ಕಲೆ, ಕಾರ್ಯಾನುಭವ, ಕ್ರೀಡೆಗಳ ವಿಶೇಷ ಶಿಕ್ಷಕರ ಹುದ್ದೆಗಳಿಗೇ ಸಂಚಕಾರ ಬಂದಿತು. ಶಿಕ್ಷಣ ಹಕ್ಕು ಕಾಯಿದೆ ಅರೆಕಾಲಿಕ ಬೋಧಕರನ್ನು ಒಪ್ಪುವುದು ಆರರಿಂದ ಎಂಟರವರೆಗೆ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ. ಅಷ್ಟು ಮಕ್ಕಳನ್ನು ನಾವೆಲ್ಲಿಂದ ತರೋಣ? ವಾರಕ್ಕೆ ಮೂರು ದಿನ ಬರುವ ಹಾರ್ಮೋನಿಯಂ ಮಾಸ್ತರರನ್ನು ಒಂದು ದಿನಕ್ಕೆ ಇಳಿಸಬೇಕಾದೀತು ಎಂಬುದು ನನ್ನ ಅಭಿಪ್ರಾಯ. ಇದು ಒಳ್ಳೆಯ ನಿರ್ಣಯವಲ್ಲ. ಆದರೆ ಹಾಡನ್ನು ತರಗತಿಯ ಶಿಕ್ಷಕಿಯೂ ಹೇಳಿಕೊಡಬಲ್ಲಳು. ಖಾಲಿ ಕಪಾಟು ಪುಸ್ತಕ ಕೊಡಲಾರದು.

ಹಾಗಾದರೆ ಯಾವುದು ಹೋಗಬೇಕು? ನವೋದಯ ಮತ್ತು ಶಿಷ್ಯವೃತ್ತಿ ಪರೀಕ್ಷೆಗಳಿಗಾಗಿ ಪಟ್ಟಣದಿಂದ ಹಣ ಕೊಟ್ಟು ಕರೆಸುವ ವಿಶೇಷ ತರಗತಿ ಹೋಗಬೇಕು. ಪಾಲಕರು ಮುನಿಸಿಕೊಳ್ಳುವರೆಂದು ಬಲ್ಲೆ. ಆ ತರಗತಿಯ ಲಾಭ ನಾಲ್ಕೈದು ಮಕ್ಕಳಿಗೆ. ನವೋದಯಕ್ಕೆ ಆರಿಸಿ ಬಂದ ಮಗು ಆರನೆಯ ತರಗತಿಗೆ ನಮ್ಮನ್ನು ಬಿಟ್ಟೇ ಹೋಗುತ್ತದೆ. ಹೋಗಲಿ, ದೊಡ್ಡದಾಗಲಿ, ನಮಗೂ ಹೆಮ್ಮೆಯೇ. ಆದರೆ ಬಾಲವಾಡಿಯ ಹಣದಿಂದ ಅದನ್ನು ನಡೆಸಬೇಕೆಂಬುದು ನ್ಯಾಯವಲ್ಲ. ನಮ್ಮ ಶಿಕ್ಷಕರೇ ಶಾಲೆ ಬಿಟ್ಟ ಮೇಲೆ ಒಂದು ತಾಸು ಕುಳಿತುಕೊಳ್ಳಲಿ, ಹಿಂದೆ ಕುಳಿತಿದ್ದಾರೆ. ಎರಡನೆಯದಾಗಿ, ಕೆಟ್ಟುನಿಂತ ಗಣಕಯಂತ್ರಗಳ ವಾರ್ಷಿಕ ದುರಸ್ತಿಯ ಕರಾರು. ಮತ್ತೆ ವಾರ್ಷಿಕ ಸ್ನೇಹ ಸಮ್ಮೇಳನದ ಮಂಟಪ, ಫ್ಲೆಕ್ಸು, ಶಾಲು, ಸ್ಮರಣಿಕೆ. ಈ ಮಹೋತ್ಸವದ ಹೊತ್ತಿನಲ್ಲಿ ಹೀಗೆ ಬರೆಯುವುದು ಕೆಲವರಿಗೆ ರುಚಿಸದೆ ಇರಬಹುದು. ನನಗೂ ಅಂದು ಒಂದು ಶಾಲು ಹೊದಿಸುವರಿದ್ದಾರೆ.

ಸೆಮಿ ಇಂಗ್ಲಿಷ್ ಆರಂಭಿಸಿದರೆ ಮಕ್ಕಳು ಉಳಿಯುತ್ತಾರೆಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಗಣಿತ ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿಯೂ ಉಳಿದುದನ್ನು ಕನ್ನಡದಲ್ಲಿಯೂ ಕಲಿಸಬಲ್ಲ ಶಿಕ್ಷಕನನ್ನು ಮೊದಲು ತೋರಿಸಿರಿ, ಆಮೇಲೆ ಮಾತಾಡೋಣ.

ದಾನಿಗಳಿಗೆ ಒಂದು ವಿನಂತಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿ, ಸಾಸ್ತೂರ ಭಾಗದಲ್ಲಿ ಭೂಮಿ ನಡುಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಆಗ ದೇಶವಿದೇಶಗಳಿಂದ ನೆರವು ಬಂದು ಊರುಗಳೂ ಶಾಲೆಗಳೂ ಹೊಸದಾಗಿ ಎದ್ದವು. ಅಂದಿನಿಂದ ಈ ಭಾಗದಲ್ಲಿ ಶಾಲೆಗೆ ನೆರವು ಎಂದರೆ ಕಟ್ಟಡ ಎಂಬ ಅರ್ಥ ಗಟ್ಟಿಯಾಯಿತು. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ಅರ್ಜಿ ಹಾಕುವಾಗಲೂ ನಮ್ಮವರ ಮನಸ್ಸಿನಲ್ಲಿ ಮೊದಲು ಮೂಡುವುದು ಸಭಾಭವನವೇ. ಕಲ್ಲಿನ ಮೇಲೆ ಹೆಸರು ಕೊರೆಸಬಹುದು, ಆಟೋದ ಡೀಸೆಲಿನ ಮೇಲೆ ಕೊರೆಸಲಾಗದು. ಮಹೋತ್ಸವಕ್ಕೆಂದು ಕೂಡಿದ ನಿಧಿಯಲ್ಲಿ ಉಳಿದುದನ್ನು ಹೊಸ ರಂಗಮಂಚಕ್ಕೆ ಹಾಕದೆ ಬ್ಯಾಂಕಿನಲ್ಲಿ ಮುದ್ದತಿ ಠೇವಣಿಯಾಗಿಟ್ಟು, ಬಡ್ಡಿಯನ್ನು ಬಾಲವಾಡಿ, ಆಟೋ, ವಾಚನಾಲಯಗಳಿಗೆ ಮಾತ್ರ ಬಳಸಬೇಕೆಂದು ಠರಾವು ಮಾಡಿದರೆ ಪಟ್ಟಿಯ ಅರ್ಧ ತಾಪತ್ರಯ ಮುಗಿಯುತ್ತದೆ.

ಕಾರ್ಯಕಾರಿ ಮಂಡಳಿ ಮೇ ತಿಂಗಳಲ್ಲಿ ಸೇರುವುದೆಂದು ತಿಳಿದಿದೆ. ಶಾಲೆ ಆರಂಭವಾಗುವುದು ಜೂನ್ ಮಧ್ಯದಲ್ಲಿ. ಆಟೋದವನಿಗೆ ಅದಕ್ಕೂ ಮೊದಲೇ ಮಾತು ಕೊಡಬೇಕಾಗುತ್ತದೆ. ಪಟ್ಟಣದ ಇಂಗ್ಲಿಷ್ ಶಾಲೆಯವರು ಇದೇ ಮಾರ್ಗಕ್ಕಾಗಿ ಅವನನ್ನು ಈಗಾಗಲೇ ಎರಡು ಸಲ ಕೇಳಿ ಹೋಗಿದ್ದಾರೆ.