ರದ್ದಿಯ ತಕ್ಕಡಿಗೆ ಬೀಳುವ ಮುನ್ನ

ಪುಂಜಾಲಕಟ್ಟೆ ಪೇಟೆಯಿಂದ ಒಂದು ದಿಕ್ಕಿಗೆ ಬಸ್ಸು ಹತ್ತಿದರೆ ಬಿ.ಸಿ.ರೋಡು. ಅಲ್ಲಿನ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿ ಬೆಳೆಸಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವಿದೆ. ತುಳುವರ ಮನೆಯ ಕಳಸೆ, ಸೇರು, ಮರದ ಮರಿಗೆಗಳೆಲ್ಲ ಅಲ್ಲಿ ಇತಿಹಾಸದ ಸಾಕ್ಷಿಗಳು. ಎದುರು ದಿಕ್ಕಿನ ಬಸ್ಸು ಹಿಡಿದರೆ ಬೆಳ್ತಂಗಡಿ ದಾಟಿ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ. ಎರಡರ ನಡುವೆ ಇರುವ ಊರಿನವರು ಹಳೆಯ ಪತ್ರಿಕೆಯ ಕಟ್ಟನ್ನು ಮಾತ್ರ ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕುತ್ತಾರೆ. ಉಳಿದದ್ದು ಒರಲೆಗೆ.

ಕನ್ನಡ ಪತ್ರಿಕೋದ್ಯಮ ಹುಟ್ಟಿದ್ದೇ ಈ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಎಂಬುದನ್ನು ನೆನೆದರೆ ಇದು ತುಸು ನಾಚಿಕೆಯ ಸಂಗತಿ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಪತ್ರಿಕೆ ಮರುವರ್ಷವೇ 'ಕನ್ನಡ ಸಮಾಚಾರ'ವಾಗಿ ಬಳ್ಳಾರಿಗೆ ಹೋಯಿತು. ಆಮೇಲೆ 1907ರಲ್ಲಿ 'ಸ್ವದೇಶಾಭಿಮಾನಿ' ಬಂತು. ಕೊಂಕಣಿಗೆ 1938ರಲ್ಲಿ 'ರಾಕ್ಣೊ' ಬಂತು, ಅದೂ ಕನ್ನಡ ಲಿಪಿಯಲ್ಲಿ. ಮಂಗಳೂರಿನ ಬಲ್ಮಠದಲ್ಲಿರುವ ಥಿಯೋಲಾಜಿಕಲ್ ಕಾಲೇಜಿನ ಪತ್ರಾಗಾರ ಬಾಸೆಲ್ ಮಿಷನ್ನಿನ ಕಾಗದಪತ್ರಗಳನ್ನು ಕಾಪಾಡಿಕೊಂಡು ಬಂದಿದೆ. ಸಂತೋಷ. ಆದರೆ ಪುಂಜಾಲಕಟ್ಟೆಯ ಹೈಸ್ಕೂಲು ಹುಡುಗಿಗೆ ಅದು ತಲುಪುವುದು ಹೇಗೆ?

ಕಾಯುವುದಕ್ಕೂ ಓದಿಸುವುದಕ್ಕೂ ಇರುವ ಅಂತರ ಪಕ್ಕದ ಮೂಡುಬಿದಿರೆಗೆ ಚೆನ್ನಾಗಿ ಗೊತ್ತು. ಧವಲಾ, ಜಯಧವಲಾ ತಾಳೆಗರಿ ಗ್ರಂಥಗಳು ಅಲ್ಲಿನ ಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಭಕ್ತರಿಗೆ ದರ್ಶನ ಸಿಗುತ್ತಿತ್ತು, ಓದು ಸಿಗುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲಿಪಿಕಾರರು ಕೂತು ನಕಲು ಮಾಡತೊಡಗಿದರು. 1939ರಿಂದ ಅಚ್ಚಾದ ಸಂಪುಟಗಳು ಬಂದವು. ದೇಶದ ವಿದ್ವಾಂಸರ ಕೈಗೆ ಆ ಗ್ರಂಥಗಳು ಎಟುಕಿದ್ದು ಆಗಲೇ.

ಇಂಥದೇ ನಕಲಿನ ಕೆಲಸವನ್ನು ಹವಾಯಿಯವರು ಊರವರಿಂದಲೇ ಮಾಡಿಸಿದರು. ಅಲ್ಲಿ 1834ರಿಂದ 1948ರವರೆಗೆ ಹವಾಯಿ ನುಡಿಯಲ್ಲಿ ನೂರರಷ್ಟು ಪತ್ರಿಕೆಗಳು, ಸುಮಾರು 1,25,000 ಪುಟಗಳು ಅಚ್ಚಾಗಿದ್ದವು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನು ಹೇರಿದ ಮೇಲೆ ಅವನ್ನು ಓದಬಲ್ಲವರೇ ಕಡಿಮೆಯಾದರು. ಮಸುಕಾದ ಅಕ್ಷರ ಕಂಪ್ಯೂಟರಿಗೆ ತಿಳಿಯದಾದಾಗ 2011ರ ಕೊನೆಯಲ್ಲಿ 'ಇಕೆ ಕುವೊಕೊವ' ಎಂಬ ಯೋಜನೆ ಶುರುವಾಯಿತು. ಸ್ವಯಂಸೇವಕರು ಮನೆಯಲ್ಲೇ ಕೂತು ಸಾವಿರಾರು ಪುಟ ಟೈಪು ಮಾಡಿದರು. ಭಾಷೆ ಬಾರದವರೂ ಅಕ್ಷರ ನೋಡಿ ನೋಡಿ ಕೀಲಿ ಒತ್ತಿದರು.

ನಮ್ಮವರಿಗೆ ಭಾಷೆ ಬರುತ್ತದೆ, ಕೈಯಲ್ಲಿ ಮೊಬೈಲ್ ಇದೆ. ವಾಟ್ಸಾಪಿನಲ್ಲಿ ಕನ್ನಡ ಕುಟ್ಟುವ ಬೆರಳುಗಳಿಗೆ ವಾರಕ್ಕೊಂದು ಹಳೆಯ ಪುಟ ಭಾರವೇನಲ್ಲ. ವಸ್ತುಸಂಗ್ರಹಾಲಯಗಳೂ ಪ್ರವಾಸದ ಬಸ್ಸು ಬರಲಿ ಎಂದು ಕಾಯದೆ, ಸ್ಕ್ಯಾನ್ ಮಾಡಿದ ಪುಟಗಳನ್ನು ಹಿಡಿದು ಶಾಲೆಯ ಜಗಲಿಗೆ ಬರಬೇಕು. ಅಜ್ಜನ ಕಾಲದ ಅಡಿಕೆ ಧಾರಣೆ, ಯಕ್ಷಗಾನದ ಜಾಹೀರಾತು, ನೆರೆಯ ಸುದ್ದಿಯನ್ನು ಊರಿನ ಹೆಸರು ಹಾಕಿ ಹುಡುಕುವಂತಾದರೆ ಮಕ್ಕಳು ಪಾಠವನ್ನೂ ಮರೆತು ಓದಿಯಾರು.

ಪ್ರತಿ ಜುಲೈ 1ರಂದು ಪತ್ರಿಕಾ ದಿನಾಚರಣೆ ನಡೆಯುತ್ತದೆ. ಶಾಲು, ಹಣ್ಣುಬುಟ್ಟಿ, ಭಾಷಣ. ಒಂದು ವರ್ಷ ಅದರ ಜೊತೆಗೆ ಮನೆಯ ಅಟ್ಟದಿಂದ ಒಂದು ಹಳೆಯ ಪತ್ರಿಕೆ ತನ್ನಿ ಎಂದು ಮಕ್ಕಳಿಗೆ ಹೇಳಿ ನೋಡಬಹುದು. ಆಟಿ ತಿಂಗಳ ಹತ್ತಿರದ ಮಳೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತರಬೇಕು, ಅಷ್ಟೆ.