ಹ್ಯಾಂಡಲ್‌ಬಾರ್ ಇರಲಿ, ಚೈನ್ ಅಳೆದ್ರಾ?

"ಮೌಂಟನ್ ಬೈಕಿಗೆ ಏನು ಹಾಕಿಸಲಿ?" ಅಂತ ಕೇಳೋರೆಲ್ಲ ಶುರು ಮಾಡೋದು ಕಾರ್ಬನ್ ಹ್ಯಾಂಡಲ್‌ಬಾರ್‌ನಿಂದಲೇ! ನೂರು ಗ್ರಾಂ ಇಳಿಸೋಕೆ ಸಾವಿರಾರು ರೂಪಾಯಿ. ಅದೇ ಬೈಕಿನ ಚೈನ್ ಯಾವಾಗ ಅಳೆದ್ರಿ ಅಂದ್ರೆ ಮುಖ ಮುಖ ನೋಡ್ತಾರೆ.

ಮಳೆಗಾಲದಲ್ಲಿ ಮಲೆನಾಡಿನ ತೋಟದ ಹಾದಿಯಲ್ಲಿ ಓಡಿಸಿದವರಿಗೆ ಗೊತ್ತು, ಆ ಕೆಂಪು ಕೆಸರು ಚೈನಿನ ಎಣ್ಣೆ ಜೊತೆ ಸೇರಿದ್ರೆ ಉಪ್ಪುಕಾಗದವೇ ಸೈ. ಚೈನ್ 'ಹಿಗ್ಗಿದೆ' ಅಂತೀವಲ್ಲ, ನಿಜಕ್ಕೂ ಪ್ಲೇಟು ಹಿಗ್ಗಿರೋದಿಲ್ಲ. ಪಿನ್ನು ಕೂರೋ ಜಾಗ ಸವೆದು ಸಡಿಲಾಗಿರುತ್ತೆ. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದ್ರೆ 24 ಕೊಂಡಿಗೆ ಸರಿಯಾಗಿ 12 ಇಂಚು. ಮಕ್ಕಳ ಸ್ಕೇಲ್ ಇಟ್ಟು ನೋಡಿ. 1/16 ಇಂಚು ಜಾಸ್ತಿ ಬಂತೋ, ಹೊಸ ಚೈನ್ ಹಾಕಿಸಿ. ಮುಂದೂಡಿದ್ರೆ ಅದು ಕ್ಯಾಸೆಟ್ಟಿನ ಹಲ್ಲನ್ನೂ ತಿನ್ನುತ್ತೆ. 12 ಸ್ಪೀಡ್ ಕ್ಯಾಸೆಟ್ ಬೆಲೆ ಗೊತ್ತಲ್ಲ ಸ್ವಾಮಿ?

ಇನ್ನು ಬ್ರೇಕು. ಕೆಸರಲ್ಲಿ ರೆಸಿನ್ ಪ್ಯಾಡ್ ಬೇಗ ಕರಗುತ್ತೆ, ಅದೂ ಇಳಿಜಾರಿನಲ್ಲೇ ಕೈ ಕೊಡೋದು. ಸಿಂಟರ್ಡ್ ಹಾಕಿಸಿ (ಒದ್ದೆಯಾದ್ರೆ ಕಿರುಚುತ್ತೆ, ಸಹಿಸ್ಕೊಳ್ಳಿ). ರೋಟರ್ ಮೇಲೆ 'ರೆಸಿನ್ ಪ್ಯಾಡ್ ಓನ್ಲಿ' ಅಂತ ಬರೆದಿದ್ರೆ ಮಾತ್ರ ಬೇಡ.

ಇಷ್ಟಾದ ಮೇಲೂ ದುಡ್ಡು ಮಿಕ್ಕಿದ್ರೆ ಒಳ್ಳೆ ಟಯರ್. ಹ್ಯಾಂಡಲ್‌ಬಾರ್ ವಿಷಯ ಮುಂದಿನ ವರ್ಷ ಮಾತಾಡೋಣ :)